ಕರೆಯದೆ ಹೋದವರ ಗೆಲವು

ಕರೆಯದೆ ಬರುವವನನ್ನು ನಮ್ಮ ಸರ್ವಜ್ಞನು ಮನ್ನಿಸುವುದಿಲ್ಲ. ಆದರೂ ಕರೆಯದೆ ಹೋದವರಿಗೇ ತೆರೆದುಕೊಂಡ ಬಾಗಿಲುಗಳು ಚರಿತ್ರೆಯಲ್ಲಿ ಕೆಲವುಂಟು. 1989ರ ಫೆಬ್ರವರಿ ತಿಂಗಳಿನಲ್ಲಿ, ಜಪಾನಿನಲ್ಲಿ ನೆಲೆಸಿದ್ದ ಹೆಂಕ್ ರೋಜರ್ಸ್ ಎಂಬ ವರ್ತಕರು ಮೊಟ್ಟಮೊದಲ ಸಲ ಮಾಸ್ಕೋ ನಗರಕ್ಕೆ ಹೋಗಿ ಇಳಿದದ್ದು ಅಂಥ ಒಂದು ಪ್ರಸಂಗ. ಅವರು ಅರಸಿ ಹೋದದ್ದು ‘ಎಲೋರ್ಗ್’ ಎಂಬ ಸರ್ಕಾರಿ ಸಂಸ್ಥೆಯ ಕಚೇರಿಯನ್ನು. ಸೋವಿಯತ್ ದೇಶದ ಸಾಫ್ಟ್‌ವೇರನ್ನು ಹೊರನಾಡುಗಳಿಗೆ ಮಾರುವ ಅಧಿಕಾರವೆಲ್ಲ ಆ ಸಂಸ್ಥೆಯ ಕೈಯಲ್ಲಿತ್ತು. ರೋಜರ್ಸರ ಬಳಿ ಇದ್ದದ್ದಾದರೋ ಬರಿಯ ಪ್ರವಾಸಿಯ ವೀಸಾ. ಆಹ್ವಾನವಿರಲಿಲ್ಲ, ರಷ್ಯನ್ ಭಾಷೆಯೂ ಬಾರದು.

ಅವರನ್ನು ಅಲ್ಲಿಗೆ ಎಳೆದು ತಂದದ್ದು ಒಂದು ಆಟ. ಅದರ ಹೆಸರು ಟೆಟ್ರಿಸ್. ನಾಲ್ಕು ನಾಲ್ಕು ಚೌಕಗಳನ್ನು ಜೋಡಿಸಿದ ಏಳು ಬಗೆಯ ತುಂಡುಗಳು ಪರದೆಯ ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ. ಅವುಗಳನ್ನು ತಿರುಗಿಸಿ, ಸಂದಿಲ್ಲದಂತೆ ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯವಾಗುತ್ತದೆ. ಇದನ್ನು 1984ರಲ್ಲಿ ಕಟ್ಟಿದವರು ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿದ್ದ ಅಲೆಕ್ಸೇ ಪಜಿತ್ನೋವ್. ಅವರ ‘ಎಲೆಕ್ಟ್ರೋನಿಕಾ 60’ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯಿರಲಿಲ್ಲವಾದ್ದರಿಂದ ಆವರಣಚಿಹ್ನೆಗಳನ್ನು ಜೋಡಿಸಿಯೇ ತುಂಡುಗಳನ್ನು ಮೂಡಿಸಿದರು. ಗ್ರೀಕ್ ಭಾಷೆಯಲ್ಲಿ ‘ಟೆಟ್ರಾ’ ಎಂದರೆ ನಾಲ್ಕು. ಅದಕ್ಕೆ ಪಜಿತ್ನೋವರ ಮೆಚ್ಚಿನ ಟೆನ್ನಿಸ್ ಸೇರಿ ಟೆಟ್ರಿಸ್ ಆಯಿತು. ವಾದಿಮ್ ಗೆರಾಸಿಮೋವ್ ಎಂಬ ಹದಿನಾರು ವರ್ಷದ ವಿದ್ಯಾರ್ಥಿಯ ನೆರವಿನಿಂದ ಆಟವು ಐಬಿಎಂ ಮಾದರಿಯ ಯಂತ್ರಗಳಿಗೂ ಬಂದು, ಕೈಯಿಂದ ಕೈಗೆ ಹರಡಿತು.

1986ರಲ್ಲಿ ಅದನ್ನು ಹಂಗೇರಿಯ ಬುಡಾಪೆಸ್ಟಿನಲ್ಲಿ ಕಂಡವರು ಲಂಡನ್ನಿನ ವ್ಯಾಪಾರಿ ರಾಬರ್ಟ್ ಸ್ಟೈನ್. ಮಾಸ್ಕೋದೊಡನೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅವರು ಹಕ್ಕನ್ನು ಇಂಗ್ಲೆಂಡಿನ ಮಿರರ್‌ಸಾಫ್ಟಿಗೂ ಅಮೆರಿಕದ ಸ್ಪೆಕ್ಟ್ರಮ್ ಹೋಲೋಬೈಟಿಗೂ ಮಾರಿದರು. ಮಿರರ್‌ಸಾಫ್ಟಿನಿಂದ ಅದು ಅಟಾರಿ ಗೇಮ್ಸ್ ಕಂಪೆನಿಗೆ ಹೋಯಿತು. ಹೀಗೆ ಒಬ್ಬರಿಂದೊಬ್ಬರಿಗೆ ಸಾಗಿಬಂದ ಹಕ್ಕನ್ನು ಜಪಾನಿಗಾಗಿ ಕೊಂಡವರು ರೋಜರ್ಸ್. ಅತ್ತೆಮಾವಂದಿರ ಆಸ್ತಿಯನ್ನು ಆಧಾರವಾಗಿಟ್ಟು ಸಾಲ ತಂದು, ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರಕ್ಕಾಗಿ ಅವರು ಆಟದ ಪೆಟ್ಟಿಗೆಗಳನ್ನು ಮಾಡಿಸಿ 1988ರ ಕೊನೆಯಲ್ಲಿ ಮಾರಾಟಕ್ಕಿಟ್ಟಿದ್ದರು. ಅಷ್ಟರಲ್ಲಿ ನಿಂಟೆಂಡೊ ಕಂಪೆನಿಯು ಅಂಗೈಯಲ್ಲಿ ಹಿಡಿದು ಆಡುವ ‘ಗೇಮ್ ಬಾಯ್’ ಎಂಬ ಪುಟ್ಟ ಯಂತ್ರವನ್ನು ಸಿದ್ಧಪಡಿಸುತ್ತಿತ್ತು. ಅದಕ್ಕೆ ಬೇಕಾದ ಹಕ್ಕನ್ನು ಮೂಲದವರಿಂದಲೇ ಪಡೆಯುವುದು ರೋಜರ್ಸರ ಪ್ರಯಾಣದ ಉದ್ದೇಶ.

ದುಭಾಷಿಯೊಬ್ಬರನ್ನು ಗೊತ್ತುಮಾಡಿಕೊಂಡು ಕಚೇರಿಯ ಬಾಗಿಲವರೆಗೆ ಬಂದುದಾಯಿತು. ಕರೆಯಿಲ್ಲದೆ ಒಳಗೆ ಹೋಗುವಂತಿಲ್ಲವೆಂದು ದುಭಾಷಿ ಎಚ್ಚರಿಸಿದರೂ ರೋಜರ್ಸ್ ಒಳನಡೆದರು. ಎದುರಾದವರು ಎಲೋರ್ಗಿನ ಅಧಿಕಾರಿ ನಿಕೊಲಾಯ್ ಬೆಲಿಕೋವ್. ರೋಜರ್ಸ್ ತಾವು ಮಾರುತ್ತಿದ್ದ ಪೆಟ್ಟಿಗೆಯನ್ನು ಅಭಿಮಾನದಿಂದಲೇ ಮೇಜಿನ ಮೇಲಿಟ್ಟರು. ಬೆಲಿಕೋವರು ಬೆರಗಾದರು. ಇಂಥ ಹಕ್ಕನ್ನು ತಾವು ಯಾರಿಗೂ ಕೊಟ್ಟೇ ಇಲ್ಲವೆಂಬುದು ಅವರ ಮಾತು! ಮನೆಯವರ ಆಸ್ತಿಯನ್ನೆಲ್ಲ ಒಡ್ಡಿದ್ದ ವರ್ತಕರ ಪಾಲಿಗೆ ಇದಕ್ಕಿಂತ ದೊಡ್ಡ ಆಘಾತವುಂಟೆ? ರೋಜರ್ಸ್ ವಾದಕ್ಕಿಳಿಯಲಿಲ್ಲ. ಹಕ್ಕು ತಮಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂಬುದನ್ನು ಬಿಡಿಸಿ ಹೇಳಿದರು; ಆಗಲೇ ಮಾರಾಟವಾಗಿದ್ದ ಪೆಟ್ಟಿಗೆಗಳಿಗೆ ಸಲ್ಲಬೇಕಾದ ಹಣಕ್ಕೆ ಚೆಕ್ಕು ಬರೆದುಕೊಟ್ಟರು.

ಅದೇ ವಾರದಲ್ಲಿ ಸ್ಟೈನರೂ, ಮಿರರ್‌ಸಾಫ್ಟಿನ ಪರವಾಗಿ ಕೆವಿನ್ ಮ್ಯಾಕ್ಸ್‌ವೆಲ್ಲರೂ ಅದೇ ಕಚೇರಿಗೆ ಬಂದಿದ್ದರು. ಬೆಲಿಕೋವರು ಒಬ್ಬೊಬ್ಬರನ್ನು ಬೇರೆ ಬೇರೆಯಾಗಿಯೇ ಕಂಡರು. ರೋಜರ್ಸರ ಪೆಟ್ಟಿಗೆಯನ್ನು ತೋರಿಸಿದಾಗ ಮ್ಯಾಕ್ಸ್‌ವೆಲ್ಲರು ಅದು ಕಳ್ಳಮಾಲೆಂದುಬಿಟ್ಟರು. ಆ ಹಕ್ಕಿನ ಸರಪಳಿ ತಮ್ಮ ಕಂಪೆನಿಯಿಂದಲೇ ಹೊರಟದ್ದೆಂಬುದು ಅವರ ಗಮನದಲ್ಲಿರಲಿಲ್ಲ.

ಇನ್ನು ಸ್ಟೈನರ ವಿಷಯ. ಇಲ್ಲಿ ನಮ್ಮ ತರ್ಕಶಾಸ್ತ್ರದ ಒಂದು ಮಾತನ್ನು ನೆನೆಯಬೇಕು. ವಸ್ತುವಿಗೆ ಲಕ್ಷಣ ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಬರಬಾರದು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಹಸುವಾದೀತು; ಅದು ಅತಿವ್ಯಾಪ್ತಿ. ಸ್ಟೈನರ ಒಪ್ಪಂದದಲ್ಲಿದ್ದ ‘ಕಂಪ್ಯೂಟರ್’ ಎಂಬ ಪದಕ್ಕೆ ಇದೇ ದೋಷವಿತ್ತು. ಗಣನೆ ಮಾಡುವುದೆಲ್ಲ ಕಂಪ್ಯೂಟರೆಂದರೆ ಆಟದ ಯಂತ್ರವೂ ಅದರೊಳಗೆ ಬಂದಂತಾಯಿತು. ಬೆಲಿಕೋವರು ತಿದ್ದುಪಡಿಯೊಂದನ್ನು ಮುಂದಿಟ್ಟರು: ಕಂಪ್ಯೂಟರೆಂದರೆ ಪ್ರೊಸೆಸರು, ಮಾನಿಟರು, ಡಿಸ್ಕ್ ಡ್ರೈವು, ಕೀಲಿಮಣೆ, ಆಪರೇಟಿಂಗ್ ಸಿಸ್ಟಮ್ ಇವಿಷ್ಟೂ ಉಳ್ಳದ್ದು. ತಡವಾದ ಪಾವತಿಗೆ ವಿಧಿಸಿದ್ದ ದಂಡದ ಷರತ್ತಿನ ಮೇಲೆ ಕಣ್ಣಿಟ್ಟಿದ್ದ ಸ್ಟೈನರು ಈ ಸಾಲಿಗೆ ಬೆಲೆ ಕೊಡದೆ ಸಹಿ ಹಾಕಿದರು. ಟೆಲಿವಿಷನ್ನಿಗೆ ಜೋಡಿಸುವ ಯಂತ್ರವೂ ಅಂಗೈಯ ಯಂತ್ರವೂ ಅವರ ಹಕ್ಕಿನಿಂದ ಹೊರಗಾದವು.

ಅಂಗೈ ಯಂತ್ರದ ಹಕ್ಕು ರೋಜರ್ಸರಿಗೆ ಬಂತು. ಮಾರ್ಚ್ ತಿಂಗಳಿನಲ್ಲಿ ನಿಂಟೆಂಡೊದ ಮಿನೊರು ಅರಕಾವಾ ಮತ್ತು ಹೊವರ್ಡ್ ಲಿಂಕನ್ ಮಾಸ್ಕೋಗೆ ಬಂದು ಟೆಲಿವಿಷನ್ ಯಂತ್ರದ ಹಕ್ಕಿಗೂ ಸಹಿ ಪಡೆದರು. ಅಟಾರಿ ಗೇಮ್ಸ್ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಆಟದ ಯಂತ್ರವೂ ಕಂಪ್ಯೂಟರೇ ಎಂಬ ವಾದವು ಅಲ್ಲಿ ನಿಲ್ಲದೆ, 1989ರ ಜೂನಿನಲ್ಲಿ ನ್ಯಾಯಾಧೀಶೆ ಫರ್ನ್ ಸ್ಮಿತ್ ಅದರ ಮಾರಾಟಕ್ಕೆ ತಡೆ ವಿಧಿಸಿದರು. ಗೇಮ್ ಬಾಯ್ ಟೆಟ್ರಿಸ್ ಮುಂದೆ ಮೂರೂವರೆ ಕೋಟಿ ಪ್ರತಿಗಳಷ್ಟು ಮಾರಾಟವಾಯಿತು. 2023ರಲ್ಲಿ ಈ ಪ್ರಸಂಗವು ಚಲನಚಿತ್ರವಾದಾಗ ಅದರಲ್ಲಿ ಕಾರುಗಳ ಬೆನ್ನಟ್ಟುವಿಕೆಯನ್ನೂ ಸೇರಿಸಿದರು. ಅದು ಕಲ್ಪನೆ. ನಿಜವಾದ ಹೋರಾಟವೆಲ್ಲ ಒಂದು ಮೇಜಿನ ಸುತ್ತ, ಒಂದು ಪದದ ಅರ್ಥದ ಮೇಲೆ ನಡೆಯಿತು.

ಇಷ್ಟೆಲ್ಲ ನಡೆಯುವಾಗ ಆಟವನ್ನು ಕಟ್ಟಿದವರ ಗತಿಯೇನು? ಮಾತುಕತೆಯ ಕೊಠಡಿಯಲ್ಲಿ ಪಜಿತ್ನೋವರೂ ಕುಳಿತಿದ್ದರು. ಆದರೆ ಹಕ್ಕನ್ನು ಹತ್ತು ವರ್ಷಗಳಿಗೆ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದರಾಗಿ ಆ ಐಶ್ವರ್ಯದಲ್ಲಿ ಅವರಿಗೆ ಪಾಲಿರಲಿಲ್ಲ. ಆ ಭೇಟಿಯಿಂದ ಅವರಿಗೆ ದೊರೆತದ್ದು ರೋಜರ್ಸರ ಸ್ನೇಹ. 1991ರಲ್ಲಿ ಪಜಿತ್ನೋವರು ಅಮೆರಿಕಕ್ಕೆ ಹೋಗಿ ನೆಲೆಸಿದರು. 1996ರಲ್ಲಿ ಅವಧಿ ಮುಗಿದು ಹಕ್ಕು ಮರಳಿದಾಗ ಇಬ್ಬರೂ ಕೂಡಿ ಟೆಟ್ರಿಸ್ ಕಂಪೆನಿಯನ್ನು ಸ್ಥಾಪಿಸಿದರು. ಆಟ ಹುಟ್ಟಿ ಹನ್ನೆರಡು ವರ್ಷಗಳಾದ ಮೇಲೆ, ಅದರ ಫಲ ಅದನ್ನು ಕಟ್ಟಿದವರ ಕೈಗೆ ಬಂತು.