ಬಾಹ್ಯಾಕಾಶದಲ್ಲಿ ಸ್ಟ್ರೈಕ್ ನಡೆದಿತ್ತಾ? ಸ್ಕೈಲ್ಯಾಬ್‌ನ 84 ದಿನಗಳ ಕಥೆ

ಈ ವಾರದ ಕಥೆ ನಮ್ಮಜ್ಜಿಯಿಂದ ಶುರುವಾಗುತ್ತೆ.

ಅರಸೀಕೆರೆ ಹತ್ತಿರ ಅಜ್ಜಿ ಊರು. ನಾನು ಚಿಕ್ಕವಳಿದ್ದಾಗ ರಜೆಗೆ ಹೋದರೆ ಅಜ್ಜಿ ಒಂದು ಮಾತು ಹೇಳೋರು. 1979ರಲ್ಲಿ ‘ಸ್ಕೈಲ್ಯಾಬ್ ಬೀಳ್ತದಂತೆ’ ಅಂತ ಊರೆಲ್ಲ ಸುದ್ದಿ. ಹೆಂಗಿದ್ರೂ ಸಾಯ್ತೀವಲ್ಲ ಅಂತ ಕೆಲವರು ಸಾಕಿದ್ದ ಕೋಳಿಗಳನ್ನೆಲ್ಲ ಕೊಯ್ದು ಉಂಡರಂತೆ. ಆ ವರ್ಷ ಜುಲೈ 11ರಂದು ಸ್ಕೈಲ್ಯಾಬ್ ಬಿತ್ತು, ಆದರೆ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ. ನಮ್ಮೂರಲ್ಲಿ ಕೋಳಿಗೂಡು ಖಾಲಿಯಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಸ್ಕೈಲ್ಯಾಬ್ ಅನ್ನೋ ಹೆಸರು ನಾನು ಎರಡನೇ ಸಲ ಕೇಳಿದ್ದು ಬಿ.ಕಾಂ. ಕ್ಲಾಸಲ್ಲಿ. ಮ್ಯಾನೇಜ್‌ಮೆಂಟ್ ಪಾಠ ಮಾಡ್ತಿದ್ದ ಮೇಷ್ಟ್ರು, ‘ಕೆಲಸ ಜಾಸ್ತಿ ಆಯ್ತು ಅಂತ ಬಾಹ್ಯಾಕಾಶದಲ್ಲೇ ಮೂರು ಜನ ಸ್ಟ್ರೈಕ್ ಮಾಡಿದ್ರು’ ಅಂದರು. ಕ್ಲಾಸೆಲ್ಲ ನಕ್ಕಿತ್ತು. ಆಮೇಲೆ ನಾನೇ ಒಂದು ಆಡಿಟ್ ಕಚೇರಿಗೆ ಸೇರಿದೆ. ಅಲ್ಲಿ ಪ್ರತಿ 15 ನಿಮಿಷಕ್ಕೆ ಏನು ಮಾಡಿದೆ ಅಂತ ಟೈಮ್‌ಶೀಟ್ ತುಂಬಬೇಕಿತ್ತು. ಆವಾಗ ಆ ಮೂರು ಜನ ಮತ್ತೆ ನೆನಪಾದರು. ಅವರು ನಿಜವಾಗಿ ಏನು ಮಾಡಿದ್ದರು?

ಮನುಷ್ಯ ಬಾಹ್ಯಾಕಾಶದಲ್ಲಿ ಬದುಕಬಹುದಾ, ಕೆಲಸ ಮಾಡಬಹುದಾ, ಮಾಡಬೇಕಾ? ಈ ಮೂರು ಪ್ರಶ್ನೆಗೂ ಸ್ಕೈಲ್ಯಾಬ್‌ನಲ್ಲಿ ಉತ್ತರ ಇದೆ ಅಂತ ನನಗನ್ನಿಸುತ್ತೆ. ಬನ್ನಿ, ನೋಡೋಣ.

ಸ್ಕೈಲ್ಯಾಬ್ ಅಮೆರಿಕದ ಮೊದಲ ಬಾಹ್ಯಾಕಾಶ ನಿಲ್ದಾಣ. ಚಂದ್ರಯಾನಕ್ಕೆ ಅಂತ ತಯಾರಾಗಿದ್ದ ಸ್ಯಾಟರ್ನ್ 5 ರಾಕೆಟ್ಟಿನ ಮೂರನೇ ಹಂತವನ್ನೇ ಮನೆಯ ಥರ ಮಾರ್ಪಡಿಸಿದ್ದರು. ಊಟದ ಮೇಜು, ಮಲಗೋಕೆ ಪುಟ್ಟ ಕೋಣೆ, ಸ್ನಾನಕ್ಕೆ ಶವರ್ ಕೂಡ ಇತ್ತು. 1973ರ ಮೇ 14ರಂದು ಅದು ಹಾರಿತು. ಹಾರಿ ಒಂದು ನಿಮಿಷ ಚಿಲ್ಲರೆಗೆ ಮೈಮೇಲಿದ್ದ ರಕ್ಷಾಕವಚ ಕಿತ್ತುಹೋಯಿತು. ಎರಡು ದೊಡ್ಡ ಸೌರಫಲಕಗಳಲ್ಲಿ ಒಂದು ಮುರಿದುಹೋಯಿತು, ಇನ್ನೊಂದು ಸಿಕ್ಕಿಹಾಕಿಕೊಂಡಿತು. ಒಳಗಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟಿತು.

ಮೇ 25ರಂದು ಪೀಟ್ ಕಾನ್ರಾಡ್, ಜೋಸೆಫ್ ಕರ್ವಿನ್, ಪಾಲ್ ವೈಟ್ಜ್ ರಿಪೇರಿ ಸಾಮಾನು ಕಟ್ಟಿಕೊಂಡು ಹೊರಟರು. ಒಳಗಿಂದ ಒಂದು ಕೊಡೆ ತೂರಿಸಿ ಬಿಚ್ಚಿ ನಿಲ್ದಾಣಕ್ಕೆ ನೆರಳು ಮಾಡಿದರು. ಜೂನ್ 7ರಂದು ಕಾನ್ರಾಡ್ ಮತ್ತು ಕರ್ವಿನ್ ಹೊರಗೆ ಹೋಗಿ, ಸೌರಫಲಕವನ್ನು ಹಿಡಿದಿಟ್ಟಿದ್ದ ಲೋಹದ ಪಟ್ಟಿಯನ್ನು ಉದ್ದ ಹಿಡಿಕೆಯ ಕಟ್ಟರ್‌ನಿಂದ ಕತ್ತರಿಸಿದರು. ಕರೆಂಟ್ ಬಂತು. ಅವತ್ತಿನ ಯಾವ ಯಂತ್ರಕ್ಕೂ ಆ ಕೆಲಸ ಮಾಡೋಕೆ ಆಗ್ತಿರಲಿಲ್ಲ.

ಮೊದಲ ತಂಡ 28 ದಿನ ಇತ್ತು. ಅಲನ್ ಬೀನ್ ನಾಯಕರಾಗಿದ್ದ ಎರಡನೇ ತಂಡ 59 ದಿನ ಇದ್ದು, ಹೇಳಿದ ಕೆಲಸಕ್ಕಿಂತ ಬಹಳ ಹೆಚ್ಚು ಮಾಡಿ ಬಂತು. ತೊಂದರೆ ಶುರುವಾಗಿದ್ದು ಇಲ್ಲೇ. ನಮ್ಮ ಆಫೀಸುಗಳಲ್ಲಿ ಆಗಲ್ವಾ? ಕಳೆದ ವರ್ಷ ಒಬ್ಬರು ಓಡಿ ಓಡಿ ಟಾರ್ಗೆಟ್ ಮೀರಿಸಿದರೆ, ಈ ವರ್ಷ ಹೊಸದಾಗಿ ಸೇರಿದವರಿಗೆ ಅದೇ ಟಾರ್ಗೆಟ್.

1973ರ ನವೆಂಬರ್ 16ರಂದು ಮೂರನೇ ತಂಡ ಹೋಯಿತು: ಜೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್. ಮೂವರಿಗೂ ಇದು ಮೊದಲ ಯಾನ. ಮೊದಲ ದಿನವೇ ಪೋಗ್‌ಗೆ ವಾಂತಿ. ಭೂಮಿಗೆ ಹೇಳೋದು ಬೇಡ ಅಂತ ಕಾರ್ ಮತ್ತು ಪೋಗ್ ಮಾತಾಡಿಕೊಂಡರು. ಆದರೆ ಒಳಗಿನ ಟೇಪ್ ರೆಕಾರ್ಡರ್ ಓಡ್ತಾ ಇತ್ತು, ಆ ಮಾತು ಕೆಳಗಿನವರ ಕೈಗೆ ಸಿಕ್ಕಿಬಿಟ್ಟಿತು. ಗಗನಯಾತ್ರಿಗಳ ಮುಖ್ಯಸ್ಥ ಅಲನ್ ಶೆಪರ್ಡ್ ಎಲ್ಲರಿಗೂ ಕೇಳೋ ರೇಡಿಯೊದಲ್ಲೇ ಗದರಿದರು. ಕಾರ್ ತಪ್ಪೊಪ್ಪಿಕೊಂಡರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಎಲ್ಲರ ಮುಂದೆ ಬೈಸಿಕೊಂಡರೆ ಹೆಂಗಿರುತ್ತೆ, ಯೋಚನೆ ಮಾಡಿ.

ಆಮೇಲೆ ಕೆಲಸದ ಪಟ್ಟಿ. ಪ್ರತಿದಿನ ಟೆಲಿಪ್ರಿಂಟರ್‌ನಲ್ಲಿ ಮಾರುದ್ದದ ಕಾಗದ ಬರ್ತಿತ್ತು. ಯಾವ ನಿಮಿಷಕ್ಕೆ ಯಾರು ಏನು ಮಾಡಬೇಕು ಅಂತ ಅದರಲ್ಲಿ ಬರೆದಿರ್ತಿತ್ತು. ತೂಕವಿಲ್ಲದ ಜಾಗದಲ್ಲಿ ಕೈಬಿಟ್ಟ ಸ್ಕ್ರೂ ತೇಲಿಹೋಗುತ್ತೆ. ಹಿಂದಿನವರು ಇಟ್ಟ ಸಾಮಾನು ಎಲ್ಲಿದೆ ಅಂತ ಹುಡುಕಬೇಕು. ಒಂದು ಕೆಲಸ ಹತ್ತು ನಿಮಿಷ ತಡವಾದರೆ ಇಡೀ ದಿನ ತಡ. ರಜೆಯ ದಿನವೂ ಬಾಕಿ ಕೆಲಸ ಮುಗಿಸ್ತಾ ಕೂತರು.

ಕೆಳಗಿನವರನ್ನೂ ಪೂರ್ತಿ ಬೈಯೋಕಾಗಲ್ಲ, ಲೆಕ್ಕ ಹಾಕಿ ನೋಡಿ. ಇಡೀ ಸ್ಕೈಲ್ಯಾಬ್ ಯೋಜನೆಗೆ ಆದ ಖರ್ಚು ಸುಮಾರು 220 ಕೋಟಿ ಡಾಲರ್. ಮೂರು ತಂಡಗಳು ಇದ್ದದ್ದು 171 ದಿನ, ತಲಾ ಮೂವರು ಅಂದರೆ 513 ಮಾನವ ದಿನ. ಭಾಗಿಸಿದರೆ ಒಬ್ಬರ ಒಂದು ದಿನಕ್ಕೆ 40 ಲಕ್ಷ ಡಾಲರ್‌ಗೂ ಹೆಚ್ಚು! ಅಷ್ಟು ದುಬಾರಿ ಮನುಷ್ಯ ಸುಮ್ಮನೆ ಕಿಟಕಿ ನೋಡ್ತಾ ಕೂತರೆ ಯಾವ ಮ್ಯಾನೇಜರ್‌ಗೆ ಸಹಿಸೋಕಾಗುತ್ತೆ?

ಕೊನೆಗೆ ಡಿಸೆಂಬರ್ 30ರಂದು ಎರಡೂ ಕಡೆಯವರು ಮನಸ್ಸು ಬಿಚ್ಚಿ ಮಾತಾಡಿದರು. ನಮಗೆ ಉಸಿರಾಡೋಕೆ ಬಿಡುವು ಬೇಕು ಅನ್ನೋದು ಕಾರ್ ಮಾತಿನ ಸಾರ. ಪಟ್ಟಿ ಅತಿಯಾಗಿತ್ತು ಅಂತ ಕೆಳಗಿನವರೂ ಒಪ್ಪಿದರು. ಊಟದ ಹೊತ್ತಲ್ಲಿ ತೊಂದರೆ ಕೊಡಬಾರದು, ರಾತ್ರಿ ಊಟದ ನಂತರದ ಸಮಯ ಅವರದು, ದಿನನಿತ್ಯದ ಸಣ್ಣ ಕೆಲಸಗಳಿಗೆ ಗಡಿಯಾರ ಕಟ್ಟಬಾರದು, ಪಟ್ಟಿ ಕೊಟ್ಟರೆ ಅನುಕೂಲ ಆದಾಗ ಮಾಡಿಕೊಳ್ಳುತ್ತಾರೆ. ಇಷ್ಟೇ ಬದಲಾವಣೆ.

ಹಾಗಾದರೆ ಸ್ಟ್ರೈಕ್? ಆಗಲೇ ಇಲ್ಲ. ಒಮ್ಮೆ ರೇಡಿಯೊ ನೋಡಿಕೊಳ್ಳೋ ವಿಷಯದಲ್ಲಿ ಮೂವರ ನಡುವೆ ಗೊಂದಲವಾಗಿ, ಕೆಳಗಿನ ಕರೆಗೆ ಸ್ವಲ್ಪ ಹೊತ್ತು ಉತ್ತರ ಹೋಗಲಿಲ್ಲ. ಅದೇ ಬಾಯಿಂದ ಬಾಯಿಗೆ ಬೆಳೆದು ಸ್ಟ್ರೈಕ್ ಆಯಿತು. 1980ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ‘ಸ್ಟ್ರೈಕ್ ಇನ್ ಸ್ಪೇಸ್’ ಅಂತಲೇ ಕೇಸ್ ಸ್ಟಡಿ ತಂದಿತು. ನಮ್ಮ ಮೇಷ್ಟ್ರು ಹೇಳಿದ ಕಥೆಯ ಮೂಲ ಬಹುಶಃ ಅದೇ. ಹಾಗೇನೂ ಆಗಿಲ್ಲ ಅಂತ ಗಿಬ್ಸನ್ ಮುಂದೆಯೂ ಹೇಳುತ್ತಲೇ ಬಂದರು.

ಬಿಡುವು ಸಿಕ್ಕಮೇಲೆ ಏನಾಯಿತು? 1974ರ ಜನವರಿ 21ರಂದು ಗಿಬ್ಸನ್ ಸೂರ್ಯನ ದೂರದರ್ಶಕದ ಮುಂದೆ ಕೂತಿದ್ದರು. ಅವರು ಸ್ವತಃ ಸೌರ ಭೌತವಿಜ್ಞಾನಿ. ಸೂರ್ಯನ ಒಂದು ಭಾಗ ಚಡಪಡಿಸುತ್ತಿರೋದನ್ನ ಗಮನಿಸಿ, ಕಾದು ಕೂತು, ಸರಿಯಾದ ಹೊತ್ತಿಗೆ ಫಿಲ್ಮ್ ಓಡಿಸಿದರು. ಸೌರಜ್ವಾಲೆಯೊಂದು ಹುಟ್ಟುವ ಕ್ಷಣ ಬಾಹ್ಯಾಕಾಶದಿಂದ ಮೊದಲ ಬಾರಿಗೆ ದಾಖಲಾಯಿತು. ಇದನ್ನ ಯಾರೂ ‘10.15ಕ್ಕೆ ಜ್ವಾಲೆ’ ಅಂತ ಪಟ್ಟಿಯಲ್ಲಿ ಬರೆಯೋಕಾಗಲ್ಲ. 84 ದಿನ ಮುಗಿಸಿ ಫೆಬ್ರವರಿ 8ರಂದು ಇಳಿದಾಗ ಆ ತಂಡ ಮೊದಲು ಯೋಜಿಸಿದ್ದಕ್ಕಿಂತ ಹೆಚ್ಚು ಕೆಲಸ ಮುಗಿಸಿತ್ತು. ಆದರೂ ಮೂವರಲ್ಲಿ ಒಬ್ಬರೂ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ.

ಈಗ ಆ ಮೂರು ಪ್ರಶ್ನೆಗೆ ಬರೋಣ. ಬದುಕಬಹುದಾ? ಬದುಕಬಹುದು, ಆದರೆ ದೇಹ ಬೆಲೆ ತೆರುತ್ತೆ. ಮೂಳೆಯಿಂದ ಸುಣ್ಣದಂಶ ಕರಗುತ್ತೆ, ಕಾಲಿನ ಸ್ನಾಯು ಸೊರಗುತ್ತೆ. ಮೂರನೇ ತಂಡ ಹೆಚ್ಚು ವ್ಯಾಯಾಮ ಮಾಡಿದ್ದರಿಂದಲೇ ಹಿಂದಿನವರಿಗಿಂತ ಗಟ್ಟಿಯಾಗಿ ಮರಳಿತು. ಕೆಲಸ ಮಾಡಬಹುದಾ? ಮಾಡಬಹುದು, ಯಂತ್ರದ ಥರ ದುಡಿಸದಿದ್ದರೆ.

ಮಾಡಬೇಕಾ? ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅದರಲ್ಲಿ ಯಾರೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಬರೆದಿಟ್ಟ ಪಟ್ಟಿಯಂತೆ ನಡೆಯೋ ಕೆಲಸಕ್ಕೆ ಯಂತ್ರ ಸಾಕು. ಅದಕ್ಕೆ ಗಾಳಿ, ಊಟ, ನಿದ್ದೆ ಬೇಡ, ಸತ್ತರೆ ಅಳೋರೂ ಇಲ್ಲ. ಮನುಷ್ಯರನ್ನ ಕಳಿಸೋದಾದರೆ ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಕಳಿಸಬೇಕು: ಕೊಡೆ ಬಿಚ್ಚೋಕೆ, ಪಟ್ಟಿ ಕತ್ತರಿಸೋಕೆ, ಕಾದು ನೋಡೋಕೆ. ಅಷ್ಟು ಸ್ವಾತಂತ್ರ್ಯ ಕೊಡೋಕೆ ಮನಸ್ಸಿಲ್ಲದಿದ್ದರೆ ಕಳಿಸದಿರೋದೇ ಮೇಲು.

ಇದು ಈಗ ನಮ್ಮ ಪ್ರಶ್ನೆಯೂ ಹೌದು. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 18 ದಿನ ಇದ್ದರು. ಅಲ್ಲಿ ಅವರು ಮೊಳಕೆ ಬರಿಸಿದ ಮೆಂತ್ಯ, ಹೆಸರುಕಾಳಿನ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದ್ದು. 2035ರ ಹೊತ್ತಿಗೆ ಭಾರತದ್ದೇ ನಿಲ್ದಾಣ ಇರಬೇಕು ಅನ್ನೋದು ಸರ್ಕಾರದ ಗುರಿ. ಅಲ್ಲಿಗೆ ಹೋಗೋರ ದಿನಚರಿಯನ್ನ ಯಾರೋ ಒಬ್ಬರು ಕೆಳಗೆ ಕೂತು ಬರೀತಾರೆ. ಊಟದ ನಂತರದ ಒಂದು ಗಂಟೆಯನ್ನ ಅವರು ಖಾಲಿ ಬಿಡಲಿ ಅನ್ನೋದು ನನ್ನಾಸೆ.

ನಾನು ಆ ಆಡಿಟ್ ಕಚೇರಿ ಬಿಟ್ಟು ಮೂರು ವರ್ಷ ಆಯಿತು. ನಿಮ್ಮ ಮನೇಲೂ ಹಿರಿಯರಿದ್ದರೆ 1979ರಲ್ಲಿ ಸ್ಕೈಲ್ಯಾಬ್ ಬೀಳುತ್ತೆ ಅಂದಾಗ ಏನು ಮಾಡಿದ್ರಿ ಅಂತ ಕೇಳಿ, ನನಗೂ ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.