ಘಟಪ್ರಭೆಯ ದಂಡೆಗೆ ಬಂದ ಪತ್ರಿಕಾಕರ್ತರು

ವಾಚಕರೇ, ನಮ್ಮ ಮುಧೋಳದಲ್ಲಿ ‘ವೃತ್ತ’ವೆಂದರೆ ಮೊದಲು ನೆನಪಾಗುವುದು ಛಂದಸ್ಸು. ರನ್ನನ ಊರಲ್ಲವೆ ಇದು! ಚಂಪಕಮಾಲೆಗೋ ಮತ್ತೇಭವಿಕ್ರೀಡಿತಕ್ಕೋ ಗಣ ಹಾಕಿಸದೆ ಇಲ್ಲಿಯ ಕನ್ನಡ ಪಂಡಿತನಿಗೆ ದಿನ ಹೋಗುವುದಿಲ್ಲ. ಆದರೆ ಆ ಶಬ್ದಕ್ಕೆ ‘ನಡೆದದ್ದು’ ಎಂದೂ ‘ನಡತೆ’ ಎಂದೂ ಅರ್ಥವುಂಟು. ಈ ಎರಡು ಅರ್ಥಗಳನ್ನೂ ಕೂಡಿಸಿ ವೃತ್ತಪತ್ರಿಕೆ ನಡೆಸಿದ ಒಬ್ಬರ ಸಂಗತಿಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

೧೯೨೮ರಲ್ಲಿ, ನಮ್ಮ ಘಟಪ್ರಭೆಯೇ ಮುಂದೆ ಹರಿದು ಮುಟ್ಟುವ ಬಾಗಲಕೋಟೆಯಲ್ಲಿ, ಕರ್ನಾಟಕದ ಪತ್ರಿಕಾಕರ್ತರ ಸಮ್ಮೇಳನ ಕೂಡಿತು. ಅಧ್ಯಕ್ಷರಾಗಿ ಬಂದವರು ಬೆಂಗಳೂರಿನ ಡಿ. ವಿ. ಗುಂಡಪ್ಪನವರು. ಆ ಹೆಸರು ಕೇಳಿದೊಡನೆ ತಮಗೆ ‘ಮಂಕುತಿಮ್ಮನ ಕಗ್ಗ’ ನೆನಪಾದೀತು. ಕಗ್ಗ ಬಂದದ್ದು ೧೯೪೩ರಲ್ಲಿ. ಅದಕ್ಕೂ ಮೂರು ದಶಕಗಳ ಹಿಂದಿನಿಂದ ರಾಜ್ಯದ ವ್ಯವಹಾರ, ಬೊಕ್ಕಸದ ವ್ಯವಹಾರ ಇವುಗಳನ್ನೇ ಬರೆದು ಹೊಟ್ಟೆ ಹೊರೆದವರು ಅವರು.

೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. (ಈ ಮಾತನ್ನು ಮಕ್ಕಳ ಮುಂದೆ ಹೇಳುವುದಕ್ಕೆ ನಾವು ಶಿಕ್ಷಕರು ಸ್ವಲ್ಪ ಅಂಜುತ್ತೇವೆ.) ಬೆಂಗಳೂರಿಗೆ ಬಂದು ಪತ್ರಿಕೆಗಳ ಕೆಲಸ ಹಿಡಿದರು. ಕಾಲ ಅನುಕೂಲವಾಗಿರಲಿಲ್ಲ. ೧೯೦೮ರಲ್ಲಿ ಮೈಸೂರು ಸರಕಾರ ಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾಯಿದೆಯನ್ನು ತಂದಿತ್ತು. ಪತ್ರಿಕೆ ಇರುವುದೂ ಇಲ್ಲವಾಗುವುದೂ ಸರಕಾರದ ಮರ್ಜಿಗೆ ಬಿದ್ದಿತ್ತು. ಅಂಥದರಲ್ಲಿ ೧೯೧೩ರಲ್ಲಿ ಗುಂಡಪ್ಪನವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ವಾರಕ್ಕೆ ಎರಡು ಸಂಚಿಕೆ. ಕನ್ನಡಿಗರಿಗೆ ಇಂಗ್ಲಿಷೇಕೆ ಎನ್ನುತ್ತೀರೋ? ಅಧಿಕಾರದಲ್ಲಿದ್ದವರು ಓದುತ್ತಿದ್ದ ಭಾಷೆ ಅದು. ದೂರು ಮುಟ್ಟಬೇಕಾದ ಕಿವಿಗೆ ಮುಟ್ಟಬೇಡವೆ?

ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾನಿಲಯ, ಒಂದರ ಹಿಂದೆ ಒಂದು ಹೊಸ ಯೋಜನೆ. ಪ್ರತಿಯೊಂದಕ್ಕೂ ಹಣ ಬೇಕು. ಆ ಹಣ ಯಾರದು, ಫಲ ಯಾರಿಗೆ ಎಂದು ಕೇಳುವುದು ಪತ್ರಿಕಾಕರ್ತನ ಕೆಲಸ. ದಿವಾನರೊಡನೆ ಗುಂಡಪ್ಪನವರಿಗೆ ಆತ್ಮೀಯ ಸ್ನೇಹವಿತ್ತು. ಸ್ನೇಹವಿದ್ದಲ್ಲಿ ಕೇಳುವುದು ಇನ್ನೂ ಕಷ್ಟ. ಸರಕಾರದ ಕೆಲಸ ಮಾಡಿಕೊಟ್ಟದ್ದಕ್ಕೆ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಜನ ಅದನ್ನು ವೈರಾಗ್ಯವೆಂದು ಹೊಗಳುತ್ತಾರೆ. ನನಗೆ ಅದು ವೃತ್ತಿಯ ಎಚ್ಚರವೆಂದು ತೋರುತ್ತದೆ. ಸರಕಾರದ ದುಡ್ಡು ಕೈಗೆ ಹತ್ತಿದ ಮೇಲೆ ಆಯವ್ಯಯದ ಪತ್ರ ಓದುವಾಗ ಕಣ್ಣು ಮಂಜಾಗದೆ ಇದ್ದೀತೆ?

ಇಷ್ಟಾದರೂ ಮುಧೋಳದವರಾದ ನಮಗೆ ಅವರು ಹತ್ತಿರದವರಾಗುವುದು ಬೇರೊಂದು ಕಾರಣದಿಂದ. ಆ ೧೯೨೮ನ್ನು ನೆನೆದುಕೊಳ್ಳಿರಿ. ಬಾಗಲಕೋಟೆ, ಬೀಳಗಿಗಳು ಮುಂಬಯಿ ಇಲಾಖೆಯವು. ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. ಒಂದೇ ಮಾತು, ಒಂದೇ ಜೋಳದ ರೊಟ್ಟಿ. ಆದರೆ ಸೀಮೆಯ ಕಲ್ಲಿನ ಆಚೆಗಿದ್ದ ರೈತನ ಕಂದಾಯದ ಬಗೆಗೆ ಮುಂಬಯಿಯ ಶಾಸನಸಭೆಯಲ್ಲಿ ಚುನಾಯಿತ ಸದಸ್ಯನೊಬ್ಬ ಪ್ರಶ್ನೆ ಕೇಳಬಹುದಾಗಿತ್ತು. ಈಚೆಗಿದ್ದವನಿಗೆ ಆ ಸಭೆಯಲ್ಲಿ ಯಾರೂ ಇರಲಿಲ್ಲ. ಅವನಿಗೆ ಉಳಿದದ್ದು ದೊರೆಯ ಒಳ್ಳೆಯತನವೊಂದೇ. ದೊರೆ ಒಳ್ಳೆಯವನಿರಬಹುದು. ಆದರೆ ಒಳ್ಳೆಯತನ ಹಕ್ಕಾಗುವುದಿಲ್ಲ.

ಸರಿಯಾಗಿ ಅದೇ ಕಾಲಕ್ಕೆ ಸಂಸ್ಥಾನಗಳ ವಿಚಾರಣೆಗೆಂದು ಬ್ರಿಟಿಷರು ನೇಮಿಸಿದ್ದ ಬಟ್ಲರ್ ಸಮಿತಿ ತನ್ನ ಕೆಲಸದಲ್ಲಿ ತೊಡಗಿತ್ತು. ಅದರ ವರದಿ ೧೯೨೯ರಲ್ಲಿ ಹೊರಬಿತ್ತು. ಸಂಬಂಧವಿರುವುದು ಸಾರ್ವಭೌಮರಿಗೂ ರಾಜರಿಗೂ. ರಾಜರ ಒಪ್ಪಿಗೆಯಿಲ್ಲದೆ ಅದನ್ನು ಭಾರತದ ಶಾಸನಸಭೆಗೆ ಹೊಣೆಯಾದ ಸರಕಾರಕ್ಕೆ ವರ್ಗಾಯಿಸಲಾಗದು ಎಂಬುದು ಅದರ ಸಾರ. ಪ್ರಜೆಗಳ ಪ್ರತಿನಿಧಿಗಳಾಗಿ ಹೋದವರಿಗೆ ಸಮಿತಿ ಎದುರು ನಿಂತು ಮಾತಾಡಲು ಅವಕಾಶ ಸಿಕ್ಕಲಿಲ್ಲ. ಕರಾರು ಪತ್ರಗಳಲ್ಲಿ ಕಾಣದ ಪ್ರಜೆ ಲೆಕ್ಕದಲ್ಲಿಯೂ ಕಾಣಲಿಲ್ಲ.

ಮೈಸೂರು ಸಂಸ್ಥಾನದ ಪ್ರಜೆಯೇ ಆಗಿದ್ದ ಗುಂಡಪ್ಪನವರು ಈ ವಿಷಯವನ್ನು ಬಹಳ ಹಿಂದಿನಿಂದ ಕೈಗೆತ್ತಿಕೊಂಡಿದ್ದರು. ಮೈಸೂರಿಗೆ ೧೮೮೧ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು. ಅಷ್ಟಕ್ಕೇ ತೃಪ್ತರಾಗಿ ಅವರು ಸುಮ್ಮನಿರಬಹುದಾಗಿತ್ತು. ಇರಲಿಲ್ಲ. ೧೯೩೧ರಲ್ಲಿ ಸಂಸ್ಥಾನಗಳಿಗೂ ಅಲ್ಲಿಯ ಜನಕ್ಕೂ ಭಾರತದ ರಾಜ್ಯಾಂಗದಲ್ಲಿ ಇರಬೇಕಾದ ಸ್ಥಾನದ ಮೇಲೆ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಸಿಂಹಾಸನವನ್ನು ಉರುಳಿಸಿರೆಂದು ಕೂಗಿದವರಲ್ಲ ಅವರು. ರಾಜನು ಇರಲಿ, ಸರಕಾರ ಪ್ರಜೆಗೆ ಹೊಣೆಯಾಗಿರಲಿ ಎಂಬ ನಿಲುವು ಅವರದು. ಬಿಸಿರಕ್ತದವರಿಗೆ ಇದು ಸಪ್ಪೆಯೆನಿಸಿದ್ದೀತು. ಆದರೆ ಕರಾರು, ಕಾಯಿದೆ, ಆಯವ್ಯಯಗಳ ಸಾಲುಸಾಲನ್ನು ಓದಿ ವಾದ ಹೂಡುವ ತಾಳ್ಮೆ ಕೂಗಿದವರಲ್ಲಿ ಎಷ್ಟು ಜನಕ್ಕಿತ್ತು?

೧೯೪೮ರ ಮಾರ್ಚಿನಲ್ಲಿ ಮುಧೋಳವೂ ಜಮಖಂಡಿಯೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಅಂದಿನ ಸೀಮೆಯ ಕಲ್ಲಿನ ಎರಡೂ ಕಡೆಯವರು ಒಂದೇ ಕನ್ನಡ ರಾಜ್ಯಕ್ಕೆ ಸೇರಿದರು. ಗುಂಡಪ್ಪನವರಾದರೋ ಪತ್ರಿಕೆಯ ಕೆಲಸ ಮುಗಿಯಿತೆಂದು ಲೇಖನಿಯನ್ನು ಕೆಳಗಿಡಲಿಲ್ಲ. ೧೯೪೫ರಲ್ಲಿ ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯಿಂದ ೧೯೪೯ರಲ್ಲಿ ‘ಪಬ್ಲಿಕ್ ಅಫೇರ್ಸ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಅರವತ್ತು ದಾಟಿದ ಕಣ್ಣುಗಳಿಂದ ಸ್ವತಂತ್ರ ಸರಕಾರದ ಲೆಕ್ಕವನ್ನು ಓದತೊಡಗಿದರು.