ಮುತ್ತಾತ ಹುಟ್ಟಿದ್ದು ಯಾವ ವರ್ಷ?

ನಮ್ಮ ಟೀಮಿನಲ್ಲಿ ಅಮೆರಿಕದ ಓಹಿಯೋದವನೊಬ್ಬ ಇದ್ದಾನೆ. ಒಂದು ದಿನ ಮೀಟಿಂಗ್ ಶುರುವಾಗೋ ಮುಂಚೆ, ‘ನಿನ್ನೆ ರಾತ್ರಿ ನಮ್ಮ ಮುತ್ತಾತ ಸಿಕ್ಕಿಬಿಟ್ಟ’ ಅಂದ. ಸ್ಟೀಲ್ ಕಾರ್ಖಾನೆಯಲ್ಲಿ ಕೂಲಿ ಮಾಡಿಕೊಂಡಿದ್ದ ಮನುಷ್ಯ ಸಿಕ್ಕಿದ್ದು 1910ರ ಜನಗಣತಿಯ ಹಾಳೆಯಲ್ಲಿ. ಅಲ್ಲಿ ಜನಗಣತಿ ಹಾಳೆಗಳನ್ನು 72 ವರ್ಷ ಆದಮೇಲೆ ಜನರಿಗೆ ನೋಡೋಕೆ ಬಿಡುತ್ತಾರೆ. ಹೆಸರು, ಕಸುಬು, ಮನೆ ಸ್ವಂತದ್ದೋ ಬಾಡಿಗೆಯದೋ, ಹಿಂದಿನ ವರ್ಷ ಎಷ್ಟು ವಾರ ಕೆಲಸ ಇಲ್ಲದೆ ಕೂತಿದ್ದ, ಹೆಂಡತಿ ಹೆತ್ತ ಮಕ್ಕಳೆಷ್ಟು, ಅವರಲ್ಲಿ ಉಳಿದವರೆಷ್ಟು – ಎಲ್ಲಾ ಇದೆ. ಮೊದಲ ಮಹಾಯುದ್ಧದ ಕಾಲಕ್ಕೆ ಸೈನ್ಯದ ಪಟ್ಟಿಗಾಗಿ ಸುಮಾರು 2.4 ಕೋಟಿ ಗಂಡಸರ ಹೆಸರು ಬರೆದುಕೊಂಡರಲ್ಲ, ಆ ಚೀಟಿಯಲ್ಲಿ ಕಣ್ಣಿನ ಬಣ್ಣವೂ ಇದೆ. ಅಷ್ಟು ಹೇಳಿ, ‘ನಿಮ್ಮ ಮುತ್ತಾತ ಏನು ಮಾಡ್ತಿದ್ರು?’ ಅಂತ ನನ್ನನ್ನು ಕೇಳಿದ.

ನನಗೆ ಗೊತ್ತಿದ್ದದ್ದು ಎರಡೇ ವಿಷಯ. ಮನೆ ಉಪ್ಪಾರಪೇಟೆಯಲ್ಲಿ ಬಾಡಿಗೆಗೆ. ಕೆಲಸ ಬಿನ್ನಿ ಮಿಲ್ಲಿನಲ್ಲಿ.

ಹಾಗಂತ ನಮ್ಮಲ್ಲಿ ಜನಗಣತಿ ಆಗಿಲ್ಲ ಅಂತಲ್ಲ. 1911ರ ಮಾರ್ಚ್ 10ರ ರಾತ್ರಿ ಇಡೀ ದೇಶದಲ್ಲಿ ಜನಗಣತಿ ಆಗಿತ್ತು, ಮೈಸೂರು ಸಂಸ್ಥಾನದಲ್ಲೂ ಆಗಿತ್ತು. ಮುತ್ತಾತ ಅವತ್ತು ಹುಡುಗ. ಅವರ ಹೆಸರನ್ನೂ ಯಾರೋ ಬರೆದುಕೊಂಡಿರಬೇಕು. ಆದರೆ ಆ ಚೀಟಿಗಳು ಎಣಿಕೆಗೆ ಮಾತ್ರ. ಎಣಿಸಿದ ಲೆಕ್ಕ ಪುಸ್ತಕವಾಗಿ ನಮ್ಮ ಕೈಗೆ ಬಂತು, ಹೆಸರುಗಳು ಬರಲಿಲ್ಲ. ಈಗಿನ ಕಾಯ್ದೆ, ಅಂದರೆ 1948ರದ್ದು, ಯಾರೊಬ್ಬರ ವಿವರವನ್ನೂ ಹೊರಗಿನವರಿಗೆ ತೋರಿಸಬಾರದು ಅನ್ನುತ್ತೆ. ಹೊಲ ಇದ್ದವರ ಹೆಸರು ಪಹಣಿಯಲ್ಲಿ ಸಿಗುತ್ತೆ, ಮನೆ ಕಟ್ಟಿಸಿದವರದ್ದು ಕ್ರಯಪತ್ರದಲ್ಲಿ. ಬಾಡಿಗೆ ಮನೆಯಲ್ಲಿದ್ದು ಸಂಬಳಕ್ಕೆ ದುಡಿದವರನ್ನು ಎಲ್ಲಿ ಹುಡುಕೋದು?

ಒಂದು ಭಾನುವಾರ ಉಪ್ಪಾರಪೇಟೆಗೆ ಹೋಗಿ ಸುತ್ತಾಡಿ ಬಂದೆ. ಲಾಡ್ಜು, ಅಂಗಡಿ, ಪೊಲೀಸ್ ಸ್ಟೇಷನ್, ಆ ಕಡೆ ಮೆಜೆಸ್ಟಿಕ್ಕಿನ ಜನ. ಬಸ್ ಸ್ಟ್ಯಾಂಡ್ ಇರೋ ಕಡೆ ಆಗ ಧರ್ಮಾಂಬುಧಿ ಕೆರೆ ಇತ್ತು. ಸವಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ, ಆಮೇಲೆ ಮಣ್ಣಿನ ಕೆಲಸ, ಕಟ್ಟಡದ ಕೆಲಸಕ್ಕೆ ಇಳಿದ ಉಪ್ಪಾರರ ಹೆಸರು ಈ ಪೇಟೆಗೆ ಉಳಿದಿದೆ. ಕುಂಬಾರಪೇಟೆ, ತಿಗಳರಪೇಟೆ, ಗಾಣಿಗರಪೇಟೆಗಳೂ ಹಾಗೇ. ಈ ಊರು ದುಡಿಯೋರ ಹೆಸರಲ್ಲೇ ಇದೆ, ಆದರೆ ಅವರಲ್ಲಿ ಒಬ್ಬೊಬ್ಬರು ಯಾರು ಅನ್ನೋದು ಅಲ್ಲಿ ಸಿಗಲ್ಲ.

ಕೊನೆಗೆ ನಾನು ಕೂತಿದ್ದು ಅಜ್ಜಿಯ ಮುಂದೆ. ಮುತ್ತಾತನ ಸೊಸೆ, ವಯಸ್ಸು ಎಂಬತ್ತು ದಾಟಿದೆ. ‘ಅಜ್ಜಿ, ತಾತನ ಅಪ್ಪ ಹುಟ್ಟಿದ್ದು ಯಾವ ವರ್ಷ?’ ಅಂದೆ. ‘ಅದೆಲ್ಲಾ ಯಾರು ಬರ್ದಿಟ್ಕೊಂಡಿದ್ರಪ್ಪಾ’ ಅಂದರು. ಕೇಳಿದ ರೀತಿಯೇ ತಪ್ಪು ಅಂತ ಅರ್ಥವಾಗೋಕೆ ಎರಡು ವಾರ ಬೇಕಾಯ್ತು. ಅಜ್ಜಿಯ ಕಾಲಕ್ಕೆ ಇಸವಿ ಇಲ್ಲ, ಆದರೆ ಗುರುತುಗಳಿವೆ.

‘ನಮ್ಮ ಮಾವನವರ ಅಪ್ಪ ಧಾತು ಬರದಲ್ಲಿ ತುಮಕೂರು ಕಡೆಯಿಂದ ಬಂದೋರಂತೆ.’ ಧಾತು ಸಂವತ್ಸರ ಅಂದರೆ 1876-77. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ 41.9 ಲಕ್ಷ. ಆ ಬರದಲ್ಲಿ ಬದುಕಿ ಬಂದ ಒಬ್ಬರಿಂದ ನಮ್ಮ ಮನೆ ಶುರುವಾಗಿದೆ.

‘ಪ್ಲೇಗ್ ಅಂತ ಊರಾಚೆ ಗುಡಿಸಲು ಹಾಕ್ಕೊಂಡಿದ್ದಾಗ ನಮ್ಮ ಮಾವ ಹುಟ್ಟಿದ್ದು.’ ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟ್‌ನಲ್ಲಿ. ಸಿಕ್ಕಿತು ಅಂತ ಬರೆದುಕೊಂಡೆ. ಆದರೆ ಅದು ಒಂದು ಸಲ ಬಂದು ಹೋದ ಕಾಯಿಲೆಯಲ್ಲ, ಮುಂದಿನ ವರ್ಷಗಳಲ್ಲೂ ಮತ್ತೆ ಮತ್ತೆ ಬಂತು. ಹೊಸದಾಗಿ ಎದ್ದ ಬಸವನಗುಡಿ, ಮಲ್ಲೇಶ್ವರದಲ್ಲಿ ಜಾಗ ಮಾಡಿಕೊಳ್ಳೋಕೆ ಆದವರು ಅಲ್ಲಿಗೆ ಹೋದರು. ಆಗದವರು ಕಾಯಿಲೆ ತಗ್ಗಿದ ಮೇಲೆ ಗುಡಿಸಲಿನಿಂದ ಅದೇ ಪೇಟೆಗೆ ವಾಪಸ್ ಬಂದರು. ಹಾಗಾದರೆ ಯಾವ ಪ್ಲೇಗು?

ಇನ್ನೊಂದು ದಿನ ಕರೆಂಟ್ ಹೋಗಿತ್ತು. ಅಜ್ಜಿ ತಾವಾಗೇ ಹೇಳಿದರು: ‘ಮೊದಲು ಕರೆಂಟ್ ದೀಪ ಬಂದಾಗ ಮಾವ ಅವರಪ್ಪನ ಹೆಗಲ ಮೇಲೆ ಕೂತು ನೋಡಿದ್ರಂತೆ. ಎಣ್ಣೆ ಎಲ್ಲಿಂದ ಹಾಕ್ತಾರೆ ಅಂತ ಕೇಳಿದ್ರಂತೆ.’ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ಹೆಗಲ ಮೇಲೆ ಕೂರಿಸೋಷ್ಟು ಚಿಕ್ಕವರು, ಎಣ್ಣೆ ಬಗ್ಗೆ ಕೇಳೋಷ್ಟು ದೊಡ್ಡವರು. ನಾಲ್ಕರಿಂದ ಏಳು ವರ್ಷ ಅಂದುಕೊಂಡರೆ, ಹುಟ್ಟಿದ್ದು 1898ರಿಂದ 1901ರ ಒಳಗೆ.

‘ಮಿಲ್ ಸೇರಿದಾಗ ಮೀಸೆ ಬಂದಿರಲಿಲ್ಲವಂತೆ, ದೊಡ್ಡ ಯುದ್ಧ ನಡೀತಿತ್ತಂತೆ.’ 1914-18. ಲೆಕ್ಕ ಕೂಡಿತು. 1884ರಲ್ಲಿ ಶುರುವಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಉದ್ದ ಹೆಸರನ್ನು ಜನ ‘ಬಿನ್ನಿ ಮಿಲ್’ ಅಂತ ಕತ್ತರಿಸಿಕೊಂಡಿದ್ದರು. ಪಕ್ಕದ ಬ್ರಿಟಿಷ್ ಇಂಡಿಯಾದಲ್ಲಿ 1911ರ ಕಾಯ್ದೆ ಬಟ್ಟೆ ಮಿಲ್ಲಿನ ಗಂಡಸರಿಗೆ ಹಾಕಿದ ಮಿತಿಯೇ ದಿನಕ್ಕೆ 12 ಗಂಟೆ. ಉಪ್ಪಾರಪೇಟೆಯಿಂದ ಕಾಟನ್‌ಪೇಟೆ ಹಾದು ನಡೆದುಕೊಂಡೇ ಹೋಗಿ ಬರುತ್ತಿದ್ದರಂತೆ. ಆ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ನಿಂತಿವೆ.

ಮುಂದೆ ಊರಿನ ನೆಂಟರ ಮನೆಗೆ ಹೆಳವರು ಬಂದಾಗ ನಾನೂ ಹೋದೆ. ಹೆಳವರು ಗೊತ್ತಲ್ವಾ? ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ವಂಶಾವಳಿ ಹೇಳಿ ದವಸ ಪಡೆಯೋರು. ಬರ ಬಂದು ಊರು ಬಿಟ್ಟವರೂ ಅವರ ಪುಸ್ತಕದಲ್ಲಿ ಊರು ಬಿಟ್ಟಿರಲ್ಲ. ಮುತ್ತಾತನ ಹೆಸರು, ಅವರಪ್ಪನ ಹೆಸರು, ಅದರ ಹಿಂದಿನ ನಾಲ್ಕು ತಲೆ ಸಿಕ್ಕಿತು. ಮೈ ಜುಂ ಅಂತು. ಆಮೇಲೆ ಗಮನಿಸಿದೆ: ನಮ್ಮ ಮನೆಯ ಪುಟದಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ.

ವಾಪಸ್ ಬಂದು ಅಜ್ಜಿಯನ್ನು ಕೇಳಿದೆ. ‘ನಿಮ್ಮತ್ತೆ ಎಷ್ಟು ಹೆತ್ತಿದ್ರು?’ ‘ಏಳು. ಉಳಿದಿದ್ದು ಮೂರು.’ ಓಹಿಯೋದ ಗೆಳೆಯನ ಹಾಳೆಯಲ್ಲಿದ್ದ ಅದೇ ಎರಡು ಅಂಕಿ. ‘ಹೆಸರೇನು ಅವರದು?’ ಅಜ್ಜಿ ಸುಮ್ಮನಾದರು. ಮರೆತಿರಬೇಕು ಅಂದುಕೊಂಡೆ. ಮರೆತಿರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು. ಸ್ವಲ್ಪ ಹೊತ್ತು ಬಿಟ್ಟು, ‘ನಿನ್ನ ದೊಡ್ಡತ್ತೆಗೆ ಇಟ್ಟಿರೋದು ಅವರ ಹೆಸರೇ ಕಣೋ’ ಅಂದರು.

ಮನೆಮಂದಿಯೆಲ್ಲಾ ದೊಡ್ಡತ್ತೆಯನ್ನು ‘ಪಾಪು’ ಅಂತ ಯಾಕೆ ಕರೆಯುತ್ತಾರೆ ಅಂತ ನನಗೆ ಆವತ್ತು ಗೊತ್ತಾಯ್ತು. ಅಜ್ಜಿ ತನ್ನ ಮಗಳನ್ನು ಒಂದು ದಿನವೂ ಹೆಸರು ಹಿಡಿದು ಕರೆಯೋ ಹಾಗಿರಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ಮುತ್ತಜ್ಜಿಯ ಹೆಸರು ದೊಡ್ಡತ್ತೆಯ ಆಧಾರ್ ಕಾರ್ಡಿನಲ್ಲಿತ್ತು.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದರೆ ಈ ಭಾನುವಾರವೇ ಹೋಗಿ. ಇಸವಿ ಕೇಳಬೇಡಿ, ‘ಕರೆಂಟ್ ಬರೋಕೆ ಮುಂಚೆಯೋ ಆಮೇಲೋ’ ಅಂತ ಕೇಳಿ. ನಮ್ಮಜ್ಜಿಗೆ ಈಗೀಗ ನಾನು ಯಾರು ಅನ್ನೋದೇ ಒಮ್ಮೊಮ್ಮೆ ಮರೆಯುತ್ತೆ. ಹತ್ತು ವರ್ಷ ಮುಂಚೆ ಕೇಳಬೇಕಿತ್ತು.

ಮೊನ್ನೆ ದೊಡ್ಡತ್ತೆಗೆ ಫೋನ್ ಮಾಡಿ ಪೂರ್ತಿ ಹೆಸರು ಹೇಳಿ ‘ಅವರಾ ಮಾತಾಡ್ತಿರೋದು?’ ಅಂದೆ. ‘ಯಾಕೋ, ಬ್ಯಾಂಕಿನವರ ಥರ ಮಾತಾಡ್ತೀಯ’ ಅಂದರು.